ಎಷ್ಟು ದಿನಕ್ಕೆ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಬಸವಪ್ರಸಾದನಿಗೆ, ಅಕ್ಕನನ್ನು ಕರೆಯಲು ಖಾನಾಪುರಕ್ಕೆ ಹೋಗದೆ ಉಳಿಯಲು ಏನಾದರೊಂದು ಕಾರಣ ಸಿಕ್ಕರೆ ಸಾಕು ಅನ್ನಿಸಿತು. ಕಾರಣ ಸಿಗಲಿಲ್ಲ. ಮೈಯಲ್ಲಿ ಜ್ವರವಿರಲಿಲ್ಲ. ಬೇರೆ ಭಾನುವಾರಗಳಲ್ಲಿ ಮಚ್ಛೆಯ ಕಾರ್ಖಾನೆಯಿಂದ ಭಟ್ಟಿ ಕೆಟ್ಟಿದೆ, ಎರಕದಲ್ಲಿ ಬಿರುಕು ಬಂದಿದೆ ಎಂದು ಯಾರಾದರೂ ಫೋನು ಮಾಡುತ್ತಿದ್ದರು. ಇವತ್ತು ಅದೂ ಬರಲಿಲ್ಲ. ಹಿಂದವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ಎಲ್ಲವೂ ತನ್ನ ಪಾಡಿಗೆ ಸರಿಯಾಗಿತ್ತು. ಒಳಕೋಣೆಯಲ್ಲಿ ಮಗಳು ಸಾಕ್ಷಿ ಮರುದಿನದ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಪಂಚಮಿ ಹಬ್ಬ ಶುಕ್ರವಾರವೇ ಮುಗಿದಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಉಳಿದ ಜೋಳದ ಅಳ್ಳು ಮೆತ್ತಗಾಗಿತ್ತು. ಹೆಂಡತಿ ಪೂರ್ಣಿಮಾ ಶೇಂಗಾ ಉಂಡಿಗಳನ್ನು ಸ್ಟೀಲ್ ಡಬ್ಬಿಗೆ ತುಂಬುತ್ತ, ಒಡೆದವುಗಳನ್ನು ಬದಿಗಿಡುತ್ತಿದ್ದಳು. ಒಡೆದ ಉಂಡಿ ಮನೆಯವರಿಗೆ, ಗುಂಡಗಿನದು ಬೀಗರಿಗೆ.

“ಅಕ್ಕಾರಿಗೆ ಏನ ಹೇಳ್ತೀರಿ?” ಅಂದಳು, ತಲೆ ಎತ್ತದೆ.

“ಏನ ಹೇಳೂದು? ಬಾ ಅಂತೀನಿ.”

“ಹಬ್ಬ ಮುಗದ ಮ್ಯಾಲೆ?”

ಅವನು ಬಾಯಿ ಮುಕ್ಕಳಿಸಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಕ್ಕಳಿಸಿದ.

“ಕಾರಕೂನಗ ಕೇಳ್ರಿ ಮತ್ತ. ಅಂವಾ ಚಂದ ಬರದು ಕೊಡ್ತಾನ. ನೀವು ಅಲ್ಲಿ ನಿಂತು ಓದ್ರಿ,” ಅಂದಳು ಪೂರ್ಣಿಮಾ, ಡಬ್ಬಿಯ ಮುಚ್ಚಳ ಒತ್ತುತ್ತ.

ಕಾರಕೂನ ಎಂದರೆ ಅವನ ಫೋನಿನಲ್ಲಿದ್ದ ಚಾಟ್‌ಬಾಟ್. ಕಂಪನಿ ಇಟ್ಟ ಹೆಸರು ಬೇರೆ. ಗುಮಾಸ್ತ ಅನ್ನುವ ಈ ಹೆಸರು ಪೂರ್ಣಿಮಾ ಇಟ್ಟದ್ದು. ಗ್ಯಾಸ್ ಸಿಲಿಂಡರ್ ಬರುವ ದಿನ ಮನೆಯಲ್ಲಿ ಯಾರಿರಬೇಕು, ವಾರಕ್ಕೆ ಯಾವ ಪಲ್ಯ ಯಾವಾಗ, ಸಾಕ್ಷಿಯನ್ನು ಟ್ಯೂಶನ್ನಿಗೆ ಬಿಡುವವರು ಯಾರು, ಒಂದೇ ದಿನ ಎರಡು ಮದುವೆ ಬಂದರೆ ಯಾವುದಕ್ಕೆ ಗಂಡ, ಯಾವುದಕ್ಕೆ ಹೆಂಡತಿ — ಎಲ್ಲವನ್ನೂ ಅದು ಹೇಳುತ್ತಿತ್ತು. ಅವನು ರಾತ್ರಿಪಾಳಿ ಮುಗಿಸಿ ಬಂದು ಹಾಸಿಗೆಯಲ್ಲಿ ಬಿದ್ದುಕೊಂಡು ಅದಕ್ಕೆ ಎರಡು ಸಾಲು ಬರೆದರೆ ಮುಗಿಯಿತು, ಮನೆ ನಡೆಯುತ್ತಿತ್ತು. ಮೊದಮೊದಲು ಪೂರ್ಣಿಮಾಗೂ ಅದು ಸೇರಿತ್ತು. ಪತ್ತಿನ ಸಂಘದ ಕೆಲಸಕ್ಕೆ ಹೋಗುವಾಗ ಇವತ್ತು ಏನಡುಗೆ ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪಿತ್ತು. ಆಮೇಲೆ ಅವಳು ಏನಾದರೂ ಹೇಳಿದರೆ ಗಂಡ ಅವಳ ಮುಖ ನೋಡುವ ಬದಲು ಫೋನು ತೆಗೆಯತೊಡಗಿದ. ಅಂದಿನಿಂದ ಅದು ಕಾರಕೂನನಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸು ನಿಂತೇ ಇತ್ತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಇಷ್ಟು ಸುಲಭವಿತ್ತಲ್ಲ ಅನ್ನಿಸಿ ಅವನಿಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಬಸ್ಸಿನ ತುಂಬ ಹೆಂಗಸರು. ಹಬ್ಬಕ್ಕೆ ಬಂದವರು ತಿರುಗಿ ಹೋಗುತ್ತಿದ್ದರು, ಹಬ್ಬಕ್ಕೆ ಬರದವರು ಈಗ ಹೊರಟಿದ್ದರು. ಕೈಯಲ್ಲಿ ಆಧಾರ್ ಕಾರ್ಡು, ತೊಡೆಯ ಮೇಲೆ ಚೀಲ, ಚೀಲದಲ್ಲಿ ಡಬ್ಬಿ. ಕಂಡಕ್ಟರ್ ಒಬ್ಬೊಬ್ಬರಿಗೂ ಉಚಿತದ ಚೀಟಿ ಹರಿದು ಕೊಡುತ್ತ ಬಂದು, ಇವನ ಹತ್ತಿರ ನಿಂತು, “ನಿಮಗ ರೊಕ್ಕ ಐತ್ರಿ ಸಾಹೇಬರ,” ಅಂದ. ಹೆಂಗಸರು ನಕ್ಕರು. ಎದುರು ಸೀಟಿನಲ್ಲಿ ನಡುವಯಸ್ಸಿನವಳೊಬ್ಬಳು ಒಬ್ಬಳೇ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಹೊಸ ಬಳೆ ಇಟ್ಟುಕೊಂಡಿದ್ದಳು. ಇವಳನ್ನು ಯಾರು ಕರೆಯಲು ಬಂದಿದ್ದರು? ಯಾರೂ ಬಂದಂತಿಲ್ಲ. ಆದರೂ ಸುಖವಾಗಿಯೇ ಕೂತಿದ್ದಾಳೆ. ಈ ಕಾಲದಲ್ಲಿ ಯಾರು ಯಾರನ್ನು ಹೋಗಿ ಕರೆತರುತ್ತಾರೆ? ಅವನು ಈ ಪ್ರಶ್ನೆಯನ್ನು ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದ. ಪ್ರತಿ ಸಲವೂ ಅದಕ್ಕೆ ಸರಿಯಾದ ಉತ್ತರವೇ ಬರುತ್ತಿತ್ತು, ಪ್ರತಿ ಸಲವೂ ಆ ಉತ್ತರದಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ.

ಬಸ್ಸು ಮಚ್ಛೆ ದಾಟಿತು. ಮುಚ್ಚಿದ ಗೇಟು, ಗೇಟಿನ ಆಚೆ ಅವನ ಕಾರ್ಖಾನೆಯ ಶೆಡ್ಡು. ಗುರುವಾರ ಮಧ್ಯಾಹ್ನ ಅವನು ಅಲ್ಲೇ ಇದ್ದ. ಪಕ್ಕದ ಮೇಜಿನ ಅವಧೂತ ಡಬ್ಬಿ ಬಿಚ್ಚುತ್ತ, “ಪ್ರಸಾದ, ತೂ ಇಥೇಚ? ಬಹಿಣೀಲಾ ಆಣಾಯಲಾ ಗೇಲಾ ನಾಹೀಸ?” ಎಂದು, ಅಕ್ಕನನ್ನು ಕರೆತರಲು ಹೋಗಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದ್ದ. ಅವಧೂತ ಎರಕದ ಅಳತೆ ನೋಡುವುದರಲ್ಲಿ ಸೋಮಾರಿ, ರಜೆ ಹಾಕುವುದರಲ್ಲಿ ಹುಷಾರಿ. ಆದರೆ ದೀಪಾವಳಿಯ ಭಾವುಬೀಜಕ್ಕೆ ತಂಗಿಯ ಮನೆಗೆ ಹೋಗುವ ರಜೆಯನ್ನು ಮಾತ್ರ ಅವನು ಸುಳ್ಳು ಹೇಳದೆ ಪಡೆಯುತ್ತಿದ್ದ. “ಆಕಿ ಬಸ್ಸಿಗೆ ಬರ್ತಾಳ,” ಎಂದಿದ್ದ ಬಸವಪ್ರಸಾದ. “ಹಾಂ. ಬಸ್ ಐತಿ ಖರೇ,” ಎಂದು ಅವಧೂತ ರೊಟ್ಟಿ ಮುರಿದುಕೊಂಡಿದ್ದ. ಅಷ್ಟೇ. ಆ ‘ಖರೇ’ ಅನ್ನುವುದನ್ನು ಅವನು ಹೇಳದಿದ್ದರೂ ನಡೆಯುತ್ತಿತ್ತು. ಅದೇ ಹೊತ್ತಿಗೆ ಫೋನು ನಡುಗಿ, ಗಂಗಾದೇವಿಯವರು ತಲುಪಿದರೇ ಎಂದು ನೆನಪಿಸಿತ್ತು. ಅಕ್ಕನಿಗೆ ಫೋನು ಮಾಡಿದರೆ, “ಮೊಣಕಾಲ ಬ್ಯಾನಿ ಆಗ್ಯಾವೋ, ಈ ಸಲ ಬ್ಯಾಡ ಬಿಡು,” ಅಂದಿದ್ದಳು. “ಅಯ್ಯ, ಹೌದಾ? ಡಾಕ್ಟರಿಗೆ ತೋರಿಸು ಮತ್ತ,” ಎಂದು ಅವನು ಹೇಳಿದ್ದ. ಫೋನು ಇಟ್ಟ ಮೇಲೆ ಎದೆಯಲ್ಲಿ ಏನೋ ಸಡಿಲಾದಂತಾಗಿತ್ತು. ಬೇಸರ ಇರಬೇಕು ಎಂದುಕೊಂಡಿದ್ದ. ಬೇಸರವಲ್ಲ, ನೆಮ್ಮದಿ. ಅದು ನೆಮ್ಮದಿಯೆಂದು ಗೊತ್ತಾದದ್ದು, ಆವತ್ತು ಸಂಜೆ ಮನೆಗೆ ಹೋಗಿ ತಾನು ಎರಡು ಉಂಡಿ ಹೆಚ್ಚಿಗೆ ತಿಂದಾಗ.

ಗಂಗಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳನ್ನು ಖಾನಾಪುರಕ್ಕೆ ಕೊಟ್ಟ ಮೊದಲ ವರ್ಷ ಪಂಚಮಿಗೆ ಕರೆಯಲು ಅಪ್ಪನ ಜೊತೆ ಇವನೂ ಹೋಗಿದ್ದ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಅಕ್ಕನ ಅತ್ತೆ ಚಂದ್ರವ್ವ ಆಗ ಗಟ್ಟಿಮುಟ್ಟಾದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, “ಎಷ್ಟ ದಿನಕ್ಕ ಒಯ್ತೀರಿ?” ಎಂದು ಕೇಳಿದ್ದಳು. ಅಪ್ಪ ಎಲೆ ಅಡಿಕೆ ಹಾಕಿಕೊಂಡು, “ಒಂದ ತಿಂಗಳ ಇರಲಿ ಅಂತೀನ್ರಿ,” ಅಂದಿದ್ದ. “ಅಯ್ಯ ಶಿವನ! ಐದ ದಿನಾ. ಆರನೇ ದಿನಕ್ಕ ನಮ್ಮ ಗಾಡಿ ನಿಮ್ಮ ಬಾಗಿಲಕ್ಕ ಬರ್ತತಿ.” “ಐದ ದಿನಕ್ಕ ಆಕಿ ಅವ್ವನ ಮಾರಿ ನೋಡಿ ಮುಗಿಯೂದಿಲ್ರಿ. ಇಪ್ಪತ್ತ.” “ನಿಮ್ಮ ಮಗಳ ಮ್ಯಾಲೆ ನಮಗೂ ಜೀವ ಐತ್ರಿ ಬೀಗರ. ಎಂಟ.” ಹೀಗೆ ನಡೆದೇ ನಡೆಯಿತು. ಅಪ್ಪ ಒಮ್ಮೆ ಎದ್ದು ಚಪ್ಪಲಿ ಹಾಕಿಕೊಂಡೂ ಬಿಟ್ಟ. ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದು, ಗ್ರಂಥಾಲಯದ ಪುಸ್ತಕ ಓದಲು ಶುರುಮಾಡಿದ್ದ ಇವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಎಮ್ಮೆಯ ಚೌಕಾಸಿ ಮಾಡಿದಂತೆ ಒಬ್ಬ ಹೆಣ್ಣುಮಗಳ ದಿನಗಳನ್ನು ಏರಿಸಿ ಇಳಿಸುತ್ತಿದ್ದಾರಲ್ಲ ಎಂದು. ಆದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಅಕ್ಕನನ್ನು ಅವನು ಕಂಡಿದ್ದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ಒಂದೊಂದು ದಿನ ಗೆದ್ದಾಗಲೂ ಅವಳ ಕಣ್ಣು ಅರಳುತ್ತಿತ್ತು. ಎರಡೂ ಕಡೆಯವರು ಅವಳಿಗಾಗಿ ಜಗಳಾಡುತ್ತಿದ್ದರು, ಅವಳು ಕೇಳಲೆಂದೇ ಗಟ್ಟಿಯಾಗಿ ಜಗಳಾಡುತ್ತಿದ್ದರು. ಇದು ಅವನಿಗೆ ಆಗ ಹೊಳೆದಿರಲಿಲ್ಲ. ಯಾವಾಗ ಹೊಳೆಯಿತು ಎಂದರೆ, ಈಗ, ಈ ಬಸ್ಸಿನಲ್ಲಿ.

ಅಪ್ಪ ಹೋದ. ಅವ್ವ ಶಿವಬಸವ್ವ ಹಾಸಿಗೆ ಹಿಡಿದಾಗ ಗಂಗಕ್ಕ ಬಂದು ಎರಡು ತಿಂಗಳು ಹಿಂದವಾಡಿಯಲ್ಲಿದ್ದಳು. ಯಾರೂ ಅವಳನ್ನು ಕರೆಯಲು ಹೋಗಿರಲಿಲ್ಲ. ರೋಗಕ್ಕೆ ಆ ಕ್ರಮವಿಲ್ಲ. ಅವ್ವನನ್ನು ಮಗ್ಗುಲು ಹೊರಳಿಸುವುದು, ಒರೆಸುವುದು, ಕೆಳಗಿನದನ್ನು ತೊಳೆಯುವುದು, ಬಾಯಿಗೆ ಗಂಜಿ ಬಿಡುವುದು ಎಲ್ಲ ಅವಳೇ ಮಾಡಿದಳು. ಅವನು ಔಷಧಿ ಚೀಟಿಗಳ ಫೋಟೋ ತೆಗೆದು ಚಾಟ್‌ಬಾಟಿಗೆ ಹಾಕಿದ. ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ, ಯಾವುದರ ಜೊತೆ ಯಾವುದು ಕೂಡದು ಎಂದು ಅದು ಚೊಕ್ಕಟವಾಗಿ ಹೇಳಿತು. ಆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿದಾಗ ಅವರು, “ಇಷ್ಟ ವ್ಯವಸ್ಥಿತ ಯಾರೂ ಇಡೂದಿಲ್ರಿ. ನಿಮ್ಮ ತಾಯಿಯವರು ಪುಣ್ಯ ಮಾಡ್ಯಾರ,” ಅಂದರು. ಅಕ್ಕ ಆಗ ಅಲ್ಲೇ, ಕೈಯಲ್ಲಿ ಹೊಲಸು ಬಟ್ಟೆಯ ಚೀಲ ಹಿಡಿದುಕೊಂಡು ನಿಂತಿದ್ದಳು. ಮಾಡಿದ್ದು ಇವಳ್ರಿ ಎಂದು ಅವನು ಹೇಳಬಹುದಿತ್ತು. ಬಾಯಿ ತೆರೆದಿದ್ದ ಸಹ. ಆದರೆ ಬದುಕಿನಲ್ಲಿ ಅವನನ್ನು ಯಾರೂ ಅಷ್ಟಾಗಿ ಹೊಗಳಿದವರಲ್ಲ. ಡಾಕ್ಟರು ಮುಂದಿನ ಪೇಶಂಟನ್ನು ಕರೆದರು. ಅಕ್ಕ, “ನಮ್ಮ ಪ್ರಸಾದ ಸಣ್ಣಾಂವಿದ್ದಾಗಿಂದ ಹಂಗ,” ಎಂದು ಹೆಮ್ಮೆಯಿಂದಲೇ ಅಂದಳು. ಅದನ್ನು ಅವನು ಮರೆತಿದ್ದ. ಅಥವಾ ಮರೆತಿದ್ದೇನೆ ಎಂದು ಅಂದುಕೊಂಡಿದ್ದ.

ಅವ್ವ ತೀರಿ ಎರಡು ವರ್ಷವಾಗುತ್ತ ಬಂದಿತ್ತು. ಹೋದ ವರ್ಷದ ಪಂಚಮಿ, ಮನೆಯಲ್ಲಿ ದುಃಖವಿದೆ ಎನ್ನುವ ನೆಪದಲ್ಲಿ ಕಳೆದುಹೋಯಿತು. ಈ ವರ್ಷ ನೆಪವಿರಲಿಲ್ಲ. ಹತ್ತು ದಿನದ ಹಿಂದೆ, ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತ ಅವನು ಫೋನಿನಲ್ಲಿ ಬರೆದಿದ್ದ: ಪಂಚಮಿ ಬಂತು, ಖಾನಾಪುರದಿಂದ ಅಕ್ಕ ಬರಬೇಕು, ಸೋಮವಾರದಿಂದ ಮಗಳ ಪರೀಕ್ಷೆ, ಇರುವುದು ಎರಡು ಕೋಣೆ, ಬಂದರೆ ಅಕ್ಕ ವಾರಗಟ್ಟಲೆ ಇರುತ್ತಾಳೆ, ಶನಿವಾರದೊಳಗೆ ಹೊರಡುವಂತೆ ಮರ್ಯಾದೆಯಿಂದ ಹೇಳಬೇಕು, ಎಲ್ಲರಿಗೂ ಕಳಿಸಲು ಒಂದು ಸಂದೇಶ ಮಾಡಿಕೊಡು. ಅದು ತಕ್ಷಣ ಸಂದೇಶ ಕೊಡಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿತು: ಅಕ್ಕನನ್ನು ಕರೆತರಲು ಮನೆಯಿಂದ ಯಾರಾದರೂ ಹೋಗುವ ಪದ್ಧತಿ ನಿಮ್ಮಲ್ಲಿದೆಯೇ? ಇದ್ದರೆ ಅದಕ್ಕೂ ಸಮಯ ಇಡುತ್ತೇನೆ. ಅವನು ಬರೆದ: ಬೇಡ. ಬಸ್ಸಿದೆ. ಮತ್ತೆ ಅದು ಕೇಳಲಿಲ್ಲ. ಪೂರ್ಣಿಮಾ ಆಗಿದ್ದರೆ ಎರಡನೇ ಸಲ ಕೇಳುತ್ತಿದ್ದಳು, ಮೂರನೇ ಸಲ ಪಾತ್ರೆ ಕುಕ್ಕಿ ಕೇಳುತ್ತಿದ್ದಳು. ಅವ್ವ ಆಗಿದ್ದರೆ ಊಟ ಬಿಡುತ್ತಿದ್ದಳು. ಒಂದೇ ಸಲ ಕೇಳಿ ಸುಮ್ಮನಾಗುವವರು ಅವನ ಬಳಗದಲ್ಲಿ ಯಾರೂ ಇರಲಿಲ್ಲ. ಅದನ್ನು ಅವನು ಹಚ್ಚಿಕೊಂಡದ್ದೂ ಅದಕ್ಕಾಗಿಯೇ.

ಸಂದೇಶ ಬಂತು. ಅವನು ಓದಿದ. ಚೆನ್ನಾಗಿದೆ ಅನ್ನಿಸಿತು. ಕಾರ್ಖಾನೆಯ ಸುತ್ತೋಲೆಯ ಹಾಗೆ ಎಲ್ಲವೂ ಅದರದರ ಜಾಗದಲ್ಲಿತ್ತು. ಎಲ್ಲ ಸಂಬಂಧಿಕರೂ ಇದ್ದ ವಾಟ್ಸಾಪ್ ಗುಂಪಿಗೆ ಅದನ್ನು ಹಾಗೇ ಹಾಕಿದ. ‘ಗಂಗಾದೇವಿಯವರು ಗುರುವಾರ ಬೆಳಿಗ್ಗೆ ಖಾನಾಪುರದಿಂದ ಬಸ್ಸಿನಲ್ಲಿ ಬರಬಹುದು. ಮಹಿಳೆಯರಿಗೆ ಪ್ರಯಾಣ ಉಚಿತವಿದೆ. ಸಾಕ್ಷಿಯ ಪರೀಕ್ಷೆ ಇರುವುದರಿಂದ ಶನಿವಾರ ಸಂಜೆಯೊಳಗೆ ಹಿಂದಿರುಗಿದರೆ ಎಲ್ಲರಿಗೂ ಅನುಕೂಲ.’ ಸೋದರಮಾವನ ಮಗ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ. ಅಕ್ಕ ‘ಆಯ್ತು’ ಎಂದು ಬರೆದಳು. ಅಕ್ಕನ ಗಂಡ ಗುರುಪುತ್ರಪ್ಪ ಏನೂ ಬರೆಯಲಿಲ್ಲ. ಸಂಜೆ ಪೂರ್ಣಿಮಾ ಅದನ್ನು ನೋಡಿ ಕಟ್ಟೆಗೆ ಆತು ನಿಂತಳು. “ಇದ ಯಾರ ಬರದದ್ದು?” “ಚಾಟ್‌ಬಾಟ್,” ಅಂದ. “ಬರೂಕಿಂತ ಮೊದಲ ಹೋಗೂ ದಿನಾ ಹೇಳಿ ಬಿಟ್ಟೈತಲ್ರಿ ಅದು. ಅದಕ್ಕ ಅಕ್ಕ ಇಲ್ಲ, ತಂಗಿ ಇಲ್ಲ. ನಿಮಗ ತಿಳೀಲಿಲ್ಲೇನ?” ಅವಳು ಬೈದದ್ದು ಚಾಟ್‌ಬಾಟಿಗೆ. ಅದು ಬೈಸಿಕೊಂಡಿತು. ಅಳಿಸಬೇಕೆನ್ನುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಖಾನಾಪುರದಲ್ಲಿ ಇಳಿದು ನಡೆದ. ಮುಂದೆ ಬೀಜ-ಗೊಬ್ಬರದ ಅಂಗಡಿ, ಹಿಂದೆ ಅಕ್ಕನ ಮನೆ. ಭಾನುವಾರವಾದರೂ ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಗುರುಪುತ್ರಪ್ಪ ಒಬ್ಬ ಗಿರಾಕಿಯ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದವನು ಇವನನ್ನು ನೋಡಿ ಕನ್ನಡಕ ಹಣೆಗೇರಿಸಿದ.

“ಓಹೋ, ಬರ್ರಿ ಬರ್ರಿ ಪ್ರಸಾದ ಅವರ. ಬಸ್ ಟೈಮಿಗೆ ಸಿಕ್ಕಿತೇನ್ರಿ?”

“ಸಿಕ್ಕಿತ್ರಿ ಮಾಮಾರ.”

“ಸಿಗಬೇಕಲ್ರಿ. ಬಸ್ಸಿನ ಸುದ್ದಿ ಎಲ್ಲಾ ನಿಮ್ಮ ಕೈಯಾಗ ಐತಿ.” ಗಿರಾಕಿಯ ಕಡೆ ತಿರುಗಿ ಮರಾಠಿಯಲ್ಲಿ, ನನ್ನ ಹೆಂಡತಿಯ ತಮ್ಮ, ದೊಡ್ಡ ಕಾರ್ಖಾನೆಯ ಸಾಹೇಬ ಎಂದು ಪರಿಚಯಿಸಿದ. ಗಿರಾಕಿ ಕೈಮುಗಿದ. ಬಸವಪ್ರಸಾದ ಡಬ್ಬಿ ಹಿಡಿದ ಕೈಯಿಂದಲೇ ಮುಗಿದ. ಗಿರಾಕಿ ಹೋದ ಮೇಲೆ ಗುರುಪುತ್ರಪ್ಪನ ದನಿ ಬೇರೆಯಾಯಿತು. “ನಾ ಹೇಳಬಾರದು, ಹೇಳ್ತೀನಿ. ಗುರುವಾರ ಆಕಿ ಮುಂಜಾನೆ ತಲಿ ಎರಕೊಂಡು, ಚೀಲ ಕಟಗೊಂಡು, ಈ ಕಟ್ಟಿಮ್ಯಾಲೆ ಕುಂತಿದ್ಳು. ಬಸ್‌ಸ್ಟ್ಯಾಂಡಿಗೆ ಬಿಡ್ಲೇನು ಅಂದೆ. ‘ಇಲ್ರಿ, ಅಂವಾ ಚ್ಯಾಷ್ಟಿಗೆ ಹಂಗ ಬರದಾನ, ಬರ್ತಾನ ನೋಡ್ರಿ’ ಅಂದ್ಳು. ಮಧ್ಯಾಹ್ನದ ತನಕ ಕುಂತ್ಳು. ನಿಮ್ಮ ಫೋನ್ ಬಂದ ಮ್ಯಾಲೆ ಎದ್ದು ಒಳಗ ಹೋದ್ಳು. ನಮ್ಮವ್ವ ಎಲ್ಲಾ ನೋಡ್ಯಾಳ.” ಗುರುಪುತ್ರಪ್ಪ ತಕ್ಕಡಿಯ ತಟ್ಟೆಗೆ ಅಂಟಿದ್ದ ಗೊಬ್ಬರದ ಹುಡಿಯನ್ನು ಬೆರಳಿನಿಂದ ಒರೆಸಿದ. “ಹೋಗ್ರಿ, ಒಳಗ ಹೋಗ್ರಿ. ಬೈಯೂಕಿ ಬೈತಾಳ. ಅನಿಸಿಕೋರಿ.”

ಪಡಸಾಲೆಯಲ್ಲಿ ಚಂದ್ರವ್ವ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಹಸನ ಮಾಡುತ್ತಿದ್ದಳು. ಮುದುಕಿ ಒಣಗಿದ್ದಳು, ದನಿ ಮಾತ್ರ ಒಣಗಿರಲಿಲ್ಲ.

“ಬರ್ರಿ ಬೀಗರ, ಕುಂದರ್ರಿ. ನೀವು ಬರಾಕ ತ್ರಾಸ ತಗೊಂಡ್ರಿ. ಫೋನಿನ್ಯಾಗ ಒಂದ ಚೀಟಿ ಹಾಕಿದ್ರ ಸಾಕಿತ್ತು.”

“ತಪ್ಪಾಗೇತ್ರಿ ಅತ್ತಿಯವರ.”

“ತಪ್ಪ ಏನ ಅದರಾಗ? ಸರಕಾರ ಬಸ್ ಬಿಟ್ಟೈತಿ, ನೀವು ಕರದೀರಿ. ಓಣಿಯಾಗ ಎಲ್ಲಾರಿಗೂ ಹೇಳೀನಿ, ನಮ್ಮ ಸೊಸಿಗೆ ಫುಕಟ ತವರು ಐತಿ ಅಂತ.” ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ಗಂಗಾ! ನಿಮ್ಮ ತಮ್ಮ ಬಂದಾನ ನೋಡ. ನೀರ ಕೊಡ.”

ಅಕ್ಕ ನೀರು ತಂದುಕೊಟ್ಟಳು. ಮುಖ ನೋಡಲಿಲ್ಲ. ಅವನು ಅವಳ ಹಿಂದೆಯೇ ಅಡುಗೆಮನೆಗೆ ಹೋಗಿ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟ. ಅವಳು ಚಹಾಕ್ಕೆ ಇಟ್ಟಳು. ಕೂದಲು ಹಣೆಯ ಹತ್ತಿರ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು? ಅವ್ವನ ಹಾಸಿಗೆಯ ಹತ್ತಿರ ಕೂತಿದ್ದಾಗ ಹೀಗಿತ್ತೇ? ಅವನಿಗೆ ನೆನಪಾಗಲಿಲ್ಲ. ಆ ಎರಡು ತಿಂಗಳು ಅವನು ಫೋನು ನೋಡಿದಷ್ಟು ಅವಳನ್ನು ನೋಡಿರಲಿಲ್ಲ.

“ಮೊಣಕಾಲ ಹೆಂಗದಾವಕ್ಕಾ?”

“ಯಾವ ಮೊಣಕಾಲ?” ಅಂದಳು. ಆಮೇಲೆ, “ಹಾಂ. ಅದಾವ. ಕಡಿಮಿ ಆಗೇತಿ.”

ಇಬ್ಬರಿಗೂ ನಗು ಬರುವಂತಿತ್ತು, ಬರಲಿಲ್ಲ. ಅವಳು ಚಹಾಪುಡಿ ಹಾಕಿ, ಉರಿ ಸಣ್ಣದು ಮಾಡಿ, ಹಾಗೇ ಒಲೆ ನೋಡುತ್ತ ನಿಂತಳು.

“ಪ್ರಸಾದಾ, ಒಂದ ಮಾತ ಕೇಳ್ತೀನಿ. ಬಸ್ಸಿಗೆ ಬಾ ಅಂದದ್ದು ಇರ್ಲಿ. ನಾ ಸಂತಿಗೆ ಬಸ್ಸಿಗೆ ಹೋಗೂದಿಲ್ಲೇನು? ಶನಿವಾರ ಹೋಗಬೇಕು ಅಂತ ಬರದಿದ್ದೆಲ್ಲ, ಅದು ನಿನ್ನ ಮನಸಿನ್ಯಾಗಿನ ಮಾತೋ?” ಅವಳು ತಿರುಗಿ ಅವನನ್ನು ನೋಡಿದಳು. “ಅವ್ವ ಹೋದ ಮ್ಯಾಲೆ ಇಲ್ಲಿ ಎಲ್ಲಾರೂ ನೋಡಾಕತ್ತಾರ, ನನ್ನ ಕರಿಯಾವ್ರು ಯಾರರ ಉಳದಾರೋ ಇಲ್ಲೋ ಅಂತ. ನಿನಗ ಅದು ಗೊತ್ತಾಗೂದಿಲ್ಲ. ನೀ ಗಂಡಸು, ಹುಟ್ಟಿದ ಮನ್ಯಾಗ ಅದಿ. ನಾ ಒಮ್ಮೆ ‘ಆಕಿಗೆ ಯಾರೂ ಇಲ್ಲ’ ಅನಿಸಿಕೊಂಡ್ನೆಂದ್ರ ಮುಗೀತು. ಅದಕ್ಕ ಕೇಳ್ತೀನಿ. ಖರೇ ಹೇಳ.”

ಸುಳ್ಳು ಹೇಳಬೇಕೆಂದು ಅವನು ಬಂದಿರಲಿಲ್ಲ. ಬಸ್ಸಿನಲ್ಲಿ ಕುಳಿತು ಬೇರೆ ಏನನ್ನೋ ಹೇಳಬೇಕೆಂದುಕೊಂಡಿದ್ದ. ಡಾಕ್ಟರ ಮುಂದೆ ಹೇಳದೆ ಉಳಿದ ಮಾತೂ ಅದರಲ್ಲಿತ್ತು. ಆದರೆ ಪೂರ್ಣಿಮಾ ಬೈದ ದಿನದಿಂದ ಅವನ ಬಾಯಿಯಲ್ಲಿ ಒಂದು ಉತ್ತರ ತಯಾರಾಗಿ ಕೂತಿತ್ತು. ಅದು ತಾನಾಗಿ ಹೊರಬಂತು.

“ನಾ ಅಲ್ಲಕ್ಕಾ. ಆ ಚಾಟ್‌ಬಾಟ್ ತಾನ ಬರಕೊಂಡದ್ದು. ನಾ ಬರೇ ಹಬ್ಬ ಐತಿ, ಅಕ್ಕ ಬರ್ತಾಳ ಅಂತ ಹೇಳಿದ್ದೆ. ಅದಕ್ಕೇನ ಗೊತ್ತಾಗತೈತಿ ನಮ್ಮ ರೀತಿ? ನಾ ಓದದ ಕಳಿಸಿಬಿಟ್ಟೆ.”

ಅಕ್ಕ ಅವನನ್ನು ನೋಡುತ್ತಲೇ ಇದ್ದಳು. ಚಹಾ ಉಕ್ಕಿತು. ಅವಳು ಸೆರಗಿನಿಂದ ಪಾತ್ರೆ ಇಳಿಸಿದಳು. ಇಳಿಸುವಾಗಲೇ ಭುಜ ಸಡಿಲವಾದದ್ದು ಕಂಡಿತು.

“ಅದರ ಬಾಯಾಗ ಮಣ್ಣ ಹಾಕ್ಲಿ,” ಅಂದಳು. “ಹಂಗಾದ್ರ ನಾ ಬೈದದ್ದೆಲ್ಲಾ ಸುಳ್ಳ ನಿನಗ ಬಡೀತಲ್ಲೋ ತಮ್ಮಾ!”

“ಭಾಳ ಬೈದೇನು?”

“ಭಾಳ? ನಿನ್ನ ನೌಕರಿ ತನಕ ಹೋಗಿದ್ದೆ. ಅವ್ವನ ನೆನಸಿ ಅಲ್ಲೆ ನಿಂತೆ.” ಈಗ ನಕ್ಕಳು. ಬಾಗಿಲ ಹಿಂದೆ ನಿಂತು ನಗುತ್ತಿದ್ದ ಹುಡುಗಿಯ ನಗೆಯೇ. “ಅತ್ತೀ, ಕೇಳಿದ್ರೇನ್ರಿ?” ಎಂದು ಪಡಸಾಲೆಗೆ ಕೂಗಿದಳು. “ಇಂವಾ ಬರದದ್ದಲ್ಲಂತ್ರಿ! ಮಷೀನ ಬರದದ್ದಂತ! ನಾ ಹೇಳಿದ್ನೆಲ್ಲರಿ, ನಮ್ಮ ಪ್ರಸಾದ ಹಂಗ ಬರಿಯೂದಿಲ್ಲ ಅಂತ!”

ಅವನು ಬಸಿಯಲ್ಲಿ ಚಹಾ ಹೊಯ್ದುಕೊಂಡು ಊದಿದ. ಚಹಾ ಬಿಸಿಯಿತ್ತು, ಆದರೂ ಕುಡಿದ. ಫೋನು ಜೇಬಿನಲ್ಲೇ ಇತ್ತು. ಅದು ಏನೂ ಅನ್ನಲಾರದು. ಇಷ್ಟು ದಿನ ಅದು ಅವನ ಮನೆ ನಡೆಸಿತ್ತು, ಈಗ ಅವನ ಮರ್ಯಾದೆ ಉಳಿಸಿತ್ತು. ಅವನಿಗೆ ಸಂತೋಷವಾಯಿತು. ಅಕ್ಕ ಉಂಡಿಯ ಡಬ್ಬಿ ತೆಗೆದು, ಒಂದು ಮುರಿದು ಬಾಯಿಗೆ ಹಾಕಿಕೊಂಡು, “ಪೂರ್ಣಿಮಾ ಬೆಲ್ಲದ ಪಾಕ ಇನ್ನೂ ಗಟ್ಟಿ ಮಾಡ್ತಾಳ ನೋಡ,” ಎಂದು ಆಗಲೇ ತವರಿನ ಅಡುಗೆಮನೆಗೆ ಕಾಲಿಟ್ಟವಳಂತೆ ಮಾತಾಡತೊಡಗಿದಳು. ಒಳಕೋಣೆಗೆ ಹೋಗಿ, ಬಾಗಿಲು ತೆರೆದಿಟ್ಟೇ ಕಪಾಟಿನಿಂದ ಸೀರೆ ತೆಗೆತೆಗೆದು ಬ್ಯಾಗಿಗೆ ತುಂಬುತ್ತ, ಅಲ್ಲಿಂದಲೇ ಅವನಿಗೆ ಕೇಳಿಸುವಂತೆ ಸಾಕ್ಷಿಗೆ ತಲೆ ಎರೆಯುವುದು, ಅವ್ವನ ಹಳೆಯ ಕೌದಿ ಬಿಚ್ಚಿ ಹೊಲಿಯುವುದು, ಪೂರ್ಣಿಮಾಗೆ ಒಂದು ನಾಲ್ಕು ದಿನ ಒಲೆಯ ಮುಂದೆ ನಿಲ್ಲದಂತೆ ಮಾಡುವುದು ಎಂದು ಹೇಳುತ್ತಿದ್ದಳು. ಅವನು ಹೂಂ ಹೂಂ ಅನ್ನುತ್ತಿದ್ದ. ಕೌದಿ ಹಾಸುವುದು ಎಲ್ಲಿ? ಸಾಕ್ಷಿಯ ಮೇಜು ಸರಿಸಬೇಕು. ರಾತ್ರಿಯೆಲ್ಲ ಅಕ್ಕ ಅವ್ವನ ಮಾತು ತೆಗೆದು ಅಳುತ್ತಾಳೆ, ಹುಡುಗಿ ಓದುವುದು ಬಿಟ್ಟು ಕೇಳುತ್ತ ಕೂರುತ್ತಾಳೆ. ಇರಲಿ, ಎಂದುಕೊಂಡ. ಇರಲಿ.

ಅವನು ಪಡಸಾಲೆಗೆ ಬಂದ. ಗುರುಪುತ್ರಪ್ಪನೂ ಅಂಗಡಿಯಿಂದ ಒಳಗೆ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಚಂದ್ರವ್ವ ಮೊರವನ್ನು ಬದಿಗೆ ಸರಿಸಿದಳು. ಸೆರಗು ಸರಿಮಾಡಿಕೊಂಡಳು. ಮುದುಕಿಯ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಆತು. ಮಷೀನ ತಪ್ಪು ಮಷೀನಿಗೆ. ಈಗ ನೀವು ಬಂದೀರಿ, ನಿಮಗ ಕೇಳ್ತೀನಿ. ಎಷ್ಟ ದಿನಕ್ಕ ಒಯ್ತೀರಿ?” ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದಳು. “ಮದ್ಲ ಹೇಳಿಬಿಡ್ತೀನಿ, ನನಗ ಕೈ ಹರಿಯೂದಿಲ್ಲ. ಅಂಗಡಿ ಮಂದಿಗೆ ಬುತ್ತಿ ಕಟ್ಟಬೇಕು, ದನದ್ದು ನೋಡಬೇಕು. ನಾಕ ದಿನಾ. ಅದರ ಮ್ಯಾಲೆ ಒಂದ ತಾಸು ಬಿಡೂದಿಲ್ಲ ನಾ.”

ಗುರುಪುತ್ರಪ್ಪ ಮೀಸೆಯಲ್ಲಿ ನಕ್ಕ. ಒಳಕೋಣೆಯಲ್ಲಿ ಸೀರೆಯ ಸದ್ದು ನಿಂತಿತು.

ಇದು ಏನೆಂದು ಬಸವಪ್ರಸಾದನಿಗೆ ಗೊತ್ತಿತ್ತು. ಮುದುಕಿಯ ಕಣ್ಣಿನಲ್ಲಿ ಬೈಗುಳವಿರಲಿಲ್ಲ, ಹಳೆಯ ಹುರುಪಿತ್ತು. ಅವಳು ಬೇಕೆಂದೇ ಕಡಿಮೆ ಹೇಳಿದ್ದಳು. ಹದಿನೈದು ಅನ್ನಬೇಕು. ಅವಳು ಅಯ್ಯ ಶಿವನ ಅನ್ನುತ್ತಾಳೆ, ಐದು ಅನ್ನುತ್ತಾಳೆ. ಹನ್ನೆರಡು ಅನ್ನಬೇಕು, ಬೇಕಾದರೆ ಎದ್ದು ಚಪ್ಪಲಿ ಹಾಕಿಕೊಳ್ಳಬೇಕು. ಬಾಯಿಗೆ ಹದಿನೈದು ಬಂದಿತ್ತು. ಅದರ ಹಿಂದೆಯೇ ಸೋಮವಾರದ ಗಣಿತ, ಬುಧವಾರದ ವಿಜ್ಞಾನ, ಬದಲಾಗಲಿರುವ ಪಾಳಿ, ಸರಿಸಬೇಕಾದ ಮೇಜು, ಪೂರ್ಣಿಮಾ ಕೆಳತುಟಿ ಕಚ್ಚಿಕೊಳ್ಳುವ ರೀತಿ ಎಲ್ಲ ಬಂದವು. ಹದಿನೈದು ಅಂದು ಮುದುಕಿ ಹತ್ತಕ್ಕೆ ಒಪ್ಪಿಬಿಟ್ಟರೆ? ಎದುರು ಕುಳಿತ ವಯಸ್ಸಾದವಳ ಒಣಗಿದ ಕೈ ಕಂಡಿತು. ಅವಳ ತೊಂದರೆ ಅರ್ಥಮಾಡಿಕೊಳ್ಳುವವನು, ತಿಳಿವಳಿಕೆಯುಳ್ಳವನು ಅನ್ನಿಸಿಕೊಳ್ಳಬೇಕು ಎಂಬ ಆಸೆಯೂ ಎಲ್ಲಿಂದಲೋ ಬಂತು.

“ನಾಕ ದಿನಾ ಯಾಕ ಬೇಕ್ರಿ ಅತ್ತಿಯವರ,” ಅಂದ. “ನಿಮಗ ತ್ರಾಸ ಆಗಬಾರದು. ಮಂಗಳವಾರ ಸಂಜಿಕೆ ನಾನ ತಂದು ಬಿಡ್ತೀನ್ರಿ.”

ಗುರುಪುತ್ರಪ್ಪ ಕಂಬದಿಂದ ಬೆನ್ನು ತೆಗೆದ. ಚಂದ್ರವ್ವ ಮಗನನ್ನು ನೋಡಿದಳು, ಒಳಕೋಣೆಯ ಬಾಗಿಲು ನೋಡಿದಳು, ಆಮೇಲೆ ಇವನನ್ನು.

“ಮಂಗಳವಾರ,” ಅಂದಳು. “ನಾ ನಾಕ ದಿನಾ ಅಂದ್ನೆಲ್ಲರಿ.” ದನಿ ಸಣ್ಣದಾಗಿತ್ತು, ಒಳಗೆ ಕೇಳಿಸಬಾರದು ಎಂಬಂತೆ. “ಇರ್ಲಿ ಬಿಡ್ರಿ, ಎಂಟ ದಿನಾ ಇಟಗೋರಿ. ಬುತ್ತಿ ನಾ ಕಟ್ಟತೀನಿ. ನನಗೇನ ಆಗೂದಿಲ್ಲ.”

“ಸಾಕ್ಷಿದು ಪರೀಕ್ಷಾ ಅದಾವ್ರಿ,” ಅಂದ. ಅಂದ ಮೇಲೆ, ಅದು ಆ ಸಂದೇಶದಲ್ಲಿದ್ದ ಮಾತೇ ಎಂದು ಹೊಳೆಯಿತು.

ಚಂದ್ರವ್ವ ಮೊರವನ್ನು ಮತ್ತೆ ಎಳೆದುಕೊಂಡಳು, ಆದರೆ ಅಕ್ಕಿಗೆ ಕೈ ಹಾಕಲಿಲ್ಲ. ಗುರುಪುತ್ರಪ್ಪ ಅಂಗಡಿಯಲ್ಲಿ ಯಾರೋ ಕರೆದಂತೆ ಹೊರಗೆ ಹೋದ, ಯಾರೂ ಕರೆದಿರಲಿಲ್ಲ. ಬಾಗಿಲಿನಿಂದ ಒಳಕೋಣೆಯ ಮಂಚ ಕಾಣುತ್ತಿತ್ತು. ಗಂಗಕ್ಕ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಗಿನ ಜಿಪ್ಪು ಎಳೆದಳು. ಮೇಲಿನ ಹೊಸ ಸೀರೆ ತೆಗೆದು ಪಕ್ಕಕ್ಕಿಟ್ಟಳು. ಅದರ ಕೆಳಗಿನದನ್ನೂ ತೆಗೆದಳು. ಮತ್ತೊಂದನ್ನು ಕೈಯಲ್ಲಿ ಹಿಡಿದು ನೋಡಿ, ಅದನ್ನೂ ಇಟ್ಟಳು. ಅವುಗಳನ್ನು ಅವಸರವಿಲ್ಲದೆ ಮಡಿಕೆ ಸರಿಮಾಡಿ ಕಪಾಟಿಗೆ ಸೇರಿಸಿ, ಬೀಗ ಹಾಕಿ, ಹೊರಗೆ ಬಂದಳು. ಅತ್ತೆಯ ಕಾಲು ಮುಟ್ಟಿದಳು. ಚಂದ್ರವ್ವ ಅವಳ ತಲೆಯ ಮೇಲೆ ಕೈ ಇಟ್ಟು ಹಾಗೇ ಇಟ್ಟುಕೊಂಡಳು.

“ನಡಿ ಪ್ರಸಾದಾ,” ಅಂದಳು ಅಕ್ಕ. “ಬಸ್ ತಪ್ಪತೈತಿ.”

ಅವನು ಬ್ಯಾಗಿಗೆ ಕೈ ಚಾಚಿದ. ಅವಳು ಬೇಡವೆನ್ನದೆ ಕೊಟ್ಟಳು. ಭಾರವಿದ್ದೀತೆಂದು ಅವನು ತೋಳು ಬಿಗಿ ಹಿಡಿದಿದ್ದ. ಬ್ಯಾಗು ಒಮ್ಮೆಲೇ ಎದೆಯ ಮಟ್ಟಕ್ಕೆ ಎದ್ದು ಬಂತು.